ಮಕ್ಕಳ ಕಷ್ಟ ಕೇಳಿ ಕೇಳಿ ನಿಮಗೇ ಸಾಕಾಗಿದೆಯಾ? ವಾರ್ಡನ್, ಮೆಂಟರ್‌ಗಳಿಗೆ ಒಂದಿಷ್ಟು ಮಾತು

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಆರು ವರ್ಷ ಹುಡುಗಿಯರ ಹಾಸ್ಟೆಲ್‌ನ ವಾರ್ಡನ್ ಆಗಿದ್ದೆ. ವಾರ್ಡನ್ ಅಂದರೆ ಗೇಟಿನ ಬೀಗ, ಹಾಜರಿ ಪುಸ್ತಕ, ಸಾಂಬಾರಿಗೆ ಉಪ್ಪು ಜಾಸ್ತಿಯಾಯಿತು ಅನ್ನುವ ಜಗಳ, ಇಷ್ಟೇ ಅಂದುಕೊಂಡು ಹೋಗಿದ್ದೆ. ರಾತ್ರಿ ಹನ್ನೊಂದೂವರೆಗೆ ಬಾಗಿಲು ತಟ್ಟಿ "ಮೇಡಂ, ಐದು ನಿಮಿಷ ಮಾತಾಡಬಹುದಾ?" ಅಂತ ಕೇಳುವವರ ಬಗ್ಗೆ ಯಾರೂ ಹೇಳಿರಲಿಲ್ಲ. ಆ ಐದು ನಿಮಿಷ ಯಾವತ್ತೂ ಐದು ನಿಮಿಷಕ್ಕೆ ಮುಗಿಯುವುದಿಲ್ಲ.

ನಾನು ವಾರ್ಡನ್ ಆದ ಮೂರನೇ ವರ್ಷ ಒಬ್ಬ ಹುಡುಗಿ, ಹತ್ತಿರದ ಸಂಬಂಧಿಯಿಂದಲೇ ತನಗಾಗುತ್ತಿದ್ದ ಹಿಂಸೆಯನ್ನು ಹೇಳಿಕೊಂಡಳು. ಅವಳ ವಿಷಯ ಸರಿಯಾದವರ ಕೈಗೆ ಹೋಯಿತು. ಅವಳು ಪರೀಕ್ಷೆಯನ್ನೂ ಬರೆದಳು. ನಾನು ಮಾತ್ರ ಆ ರಾತ್ರಿಯಲ್ಲೇ ನಿಂತುಬಿಟ್ಟಿದ್ದೆ. ನನ್ನ ಮಗಳನ್ನು ಬೇಸಿಗೆ ರಜೆಗೆ ಅವಳ ಮಾವನ ಮನೆಗೆ ಕಳಿಸಲು ಮನಸ್ಸಾಗಲಿಲ್ಲ. ಮಾವ ಅಂದರೆ ನನ್ನ ಸ್ವಂತ ತಮ್ಮ, ಅವನ ಬಗ್ಗೆ ಒಂದು ದಿನವೂ ಅನುಮಾನ ಪಟ್ಟವಳಲ್ಲ ನಾನು! ರಾತ್ರಿ ಫೋನ್ ಹೊಡೆದುಕೊಂಡರೆ ಎದೆ ಧಸಕ್ ಅನ್ನುತ್ತಿತ್ತು.

ಇದನ್ನು ನಾನು ಸುಮ್ನೆ ಸುಸ್ತು ಅಂದುಕೊಂಡಿದ್ದೆ. ಅಲ್ಲ. ಮೊದಲು ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ ಅಂತ ತಿಳಿದುಕೊಳ್ಳಿ, ಯಾಕೆಂದರೆ ಎರಡಕ್ಕೂ ಮದ್ದು ಬೇರೆ. ಬರ್ನ್‌ಔಟ್ ನಿಧಾನವಾಗಿ ಬರುತ್ತದೆ. ಪಾಠ, ಇಂಟರ್ನಲ್ಸ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು, ಅದರ ಮೇಲೆ ಹಾಸ್ಟೆಲ್ಲು, ಹೀಗೆ ದೀಪದ ಎಣ್ಣೆ ತೀರಿದ ಹಾಗೆ ತೀರುತ್ತಾ ಹೋಗಿ, ಒಂದು ದಿನ ಅಳುತ್ತಾ ಬಂದ ಹುಡುಗನನ್ನು ನೋಡಿ "ಇವನದ್ದೊಂದು ಗೋಳು" ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅನ್ನುವುದಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದಾಗ ಬರುವ ಸ್ಥಿತಿ ಅನ್ನುತ್ತದೆ. ಅಂದರೆ ಕೆಲಸದ ಕಡೆಯೇ ಏನೋ ಸರಿಯಾಗಬೇಕು.

ಇನ್ನೊಂದು ಸೆಕೆಂಡರಿ ಟ್ರಾಮಾ. ಇದು ಬೇರೆಯವರ ನೋವಿನ ಕಥೆ ನಮ್ಮೊಳಗೆ ಮನೆ ಮಾಡುವುದು. ಒಂದೇ ಕಥೆ ಸಾಕು, ಒಂದೇ ರಾತ್ರಿ ಸಾಕು. ಕೇಳಿದ್ದು ಕಣ್ಣಿಗೆ ಕಟ್ಟುತ್ತದೆ, ಕನಸಿಗೆ ಬರುತ್ತದೆ, ಲೋಕದಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಅನ್ನಿಸುತ್ತದೆ. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದರೆ ಬರ್ನ್‌ಔಟ್ ಸ್ವಲ್ಪ ತಗ್ಗಬಹುದು. ಇದು ಮಾತ್ರ ನಿಮ್ಮ ಜೊತೆಗೇ ಬಸ್ ಹತ್ತಿ ಬರುತ್ತದೆ.

ನಿಮ್ಮದು ಯಾವುದು ಅಂತ ನೋಡಿಕೊಳ್ಳಲು ಪ್ರೊಕ್ವಾಲ್ (ProQOL) ಅನ್ನುವ ಪ್ರಶ್ನಾವಳಿ ಇದೆ. 30 ಪ್ರಶ್ನೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಿಂದಿನ 30 ದಿನ ಹೇಗಿದ್ದಿರಿ ಅಂತ ಕೇಳುತ್ತದೆ, ಎರಡನ್ನೂ ಬೇರೆ ಬೇರೆ ಅಳೆಯುತ್ತದೆ, ಕೆಲಸದಿಂದ ಸಿಗುವ ಖುಷಿಯನ್ನೂ ಅಳೆಯುತ್ತದೆ. ಅದು ಕಾಯಿಲೆ ಪತ್ತೆ ಮಾಡುವ ಪರೀಕ್ಷೆ ಅಲ್ಲ, ಅಂಕ ನೋಡಿ ಗಾಬರಿಯಾಗಬೇಡಿ. ಸೆಮಿಸ್ಟರಿಗೆ ಒಂದು ಸಲ ತುಂಬಿ ಇಟ್ಟುಕೊಂಡರೆ ಹಿಂದಿನದಕ್ಕೆ ಹೋಲಿಸಿ ನೋಡಬಹುದು, ಅಷ್ಟೇ.

ಈಗ ಕೇಳುವ ಹೊತ್ತಿನ ವಿಷಯ. ಮಕ್ಕಳು ಮೊದಲು ಕೇಳುವುದೇ "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಮೇಡಂ" ಅಂತ. ಕೊಡಬೇಡಿ. ನಾನು ಎರಡು ಸಲ ಕೊಟ್ಟು ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಪಿಯುಸಿ ಮಕ್ಕಳು, ಡಿಗ್ರಿ ಮೊದಲ ವರ್ಷದ ಕೆಲವರು ಇನ್ನೂ 18 ತುಂಬದವರು. ಅಂಥವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದು ನಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಅದಕ್ಕೆ ಈಗ ಹೀಗೆ ಹೇಳುತ್ತೇನೆ: "ನಿನ್ನ ಮಾತು ಕಾರಿಡಾರಿಗೆ ಹೋಗಲ್ಲಮ್ಮ. ಆದರೆ ನಿನ್ನ ಜೀವಕ್ಕೆ ತೊಂದರೆ ಅನ್ನಿಸಿದರೆ, ಕಾನೂನು ಕೇಳಿದರೆ, ಒಬ್ಬರಿಗೆ ಹೇಳಬೇಕಾಗುತ್ತೆ. ಯಾರಿಗೆ ಅಂತ ಮೊದಲು ನಿನಗೇ ಹೇಳ್ತೀನಿ." ಹುಡುಗಿಯರು ಇದನ್ನು ಒಪ್ಪುತ್ತಾರೆ. ಗುಟ್ಟನ್ನು ಒಬ್ಬರೇ ಹೊತ್ತುಕೊಂಡು ತಿರುಗುವುದು ಎಷ್ಟು ಭಾರ ಅಂತ ಹೊತ್ತವರಿಗೇ ಗೊತ್ತು.

ಇನ್ನೊಂದು, ವಿವರ ಕೆದಕಬೇಡಿ. "ಆಮೇಲೆ ಏನಾಯ್ತು, ಅವನು ಏನಂದ" ಅಂತ ನಾವು ಕಾಳಜಿಯಿಂದಲೇ ಕೇಳುತ್ತೇವೆ. ಈಗ ಅವಳು ಸುರಕ್ಷಿತವಾಗಿದ್ದಾಳಾ, ಈ ರಾತ್ರಿ ಜೊತೆಗೆ ಯಾರಿದ್ದಾರೆ, ಡಾಕ್ಟರ್ ಬೇಕಾ, ನಮಗೆ ಬೇಕಾದ್ದು ಇಷ್ಟು. ಉಳಿದದ್ದನ್ನು ಕೇಳುವುದು ಕೌನ್ಸೆಲರ್ ಕೆಲಸ, ಪೊಲೀಸರ ಕೆಲಸ. ಅವಳು ಅದನ್ನು ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳುವುದೂ ತಪ್ಪುತ್ತದೆ, ನಿಮ್ಮ ತಲೆಯಲ್ಲಿ ಚಿತ್ರಗಳೂ ಕಡಿಮೆ ಉಳಿಯುತ್ತವೆ.

ಅವಳು ಹೋದ ಮೇಲೆ ತಕ್ಷಣ ಹಾಸಿಗೆಗೆ ಹೋಗಬೇಡಿ. ನಾನು ದಿನಾಂಕ, ಸಮಯ, ಯಾರಿಗೆ ತಿಳಿಸಬೇಕು ಅಂತ ಮೂರು ಸಾಲು ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಆಮೇಲೆ ಕಾಲು ತೊಳೆದುಕೊಂಡು ಅಂಗಳದಲ್ಲಿ ಎರಡು ಸುತ್ತು ನಡೆಯುವುದು. ನಮ್ಮಜ್ಜಿ ಸಾವಿನ ಮನೆಗೆ ಹೋಗಿ ಬಂದರೆ ಸ್ನಾನ ಮಾಡದೆ ಒಳಗೆ ಬರುತ್ತಿರಲಿಲ್ಲ. ಆಗ ನಗುತ್ತಿದ್ದೆ. ಅಲ್ಲಿಯದು ಅಲ್ಲಿಗೆ ಅಂತ ಮೈಗೆ ತಿಳಿಸಲು ಏನೋ ಒಂದು ಬೇಕಾಗುತ್ತದೆ, ಅಲ್ವಾ?

ನಿಮಗೂ ಹೇಳಿಕೊಳ್ಳಲು ಒಬ್ಬರು ಬೇಕು. ಆದರೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ "ನಿನ್ನೆ ಏನಾಯ್ತು ಗೊತ್ತಾ" ಅಂತ ಶುರು ಮಾಡುವುದಿದೆಯಲ್ಲ, ಅದರಲ್ಲಿ ಹುಡುಗಿಯ ಮಾನವೂ ಹೋಗುತ್ತದೆ, ಕೇಳಿದವರ ನಿದ್ದೆಯೂ ಹೋಗುತ್ತದೆ. ಮೊದಲು "ಒಂದು ಭಾರದ ವಿಷಯ ಇದೆ, ಈಗ ಕೇಳಲು ಆಗುತ್ತಾ?" ಅಂತ ಕೇಳಿ. ಹೆಸರು ಬೇಡ, ಊರು ಬೇಡ, ಏನೇನು ನಡೆಯಿತು ಅನ್ನುವ ವಿವರವೂ ಬೇಡ. ನನಗೆ ಹೆದರಿಕೆಯಾಯಿತು, ಸಿಟ್ಟು ಬಂತು, ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ, ಇದನ್ನು ಹೇಳಿಕೊಳ್ಳಿ. ಹಗುರವಾಗಬೇಕಾದದ್ದು ಇದೇ ತಾನೇ. ಹೊರಗಿನವರು ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ನಂಬರ್ ಮಕ್ಕಳಿಗೆ ಮಾತ್ರ ಅಂತ ನಾನು ನೋಟಿಸ್ ಬೋರ್ಡಿಗೆ ಅಂಟಿಸಿ ಎರಡು ವರ್ಷ ಸುಮ್ಮನಿದ್ದೆ, ನಾನೇ ಮಾಡಬಹುದು ಅಂತ ಹೊಳೆಯಲೇ ಇಲ್ಲ. ನಿದ್ದೆ ಕೆಟ್ಟು, ಊಟ ಸೇರದೆ, ಆ ದೃಶ್ಯಗಳು ತಿಂಗಳಾದರೂ ಬಿಡದಿದ್ದರೆ ಮಾತ್ರ ಫೋನಿನಲ್ಲೇ ನಿಲ್ಲಬೇಡಿ, ಡಾಕ್ಟರ್ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ತಿಂಗಳು ಕಾಯುವುದಲ್ಲ, ಅವತ್ತೇ.

ಇಷ್ಟೆಲ್ಲ ಮಾಡಿದರೂ, 200 ಮಕ್ಕಳಿಗೆ ಒಬ್ಬಳೇ ವಾರ್ಡನ್, ವಾರದ ಏಳೂ ರಾತ್ರಿ ಅವಳದ್ದೇ ಫೋನು ಅನ್ನುವ ಕಡೆ ಯಾವ ಪ್ರಾಣಾಯಾಮವೂ ನಿಲ್ಲುವುದಿಲ್ಲ. ಕಾರ್ಯಾಗಾರಕ್ಕೆ ಕರೆದು ಆಳವಾಗಿ ಉಸಿರಾಡಿ ಅಂತ ಹೇಳಿ ಕಳಿಸುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪ್ರಾಂಶುಪಾಲರ ಹತ್ತಿರ ಹೋಗಿ, ಬರವಣಿಗೆಯಲ್ಲಿ ಕೇಳಿ. ರಾತ್ರಿ ಪಾಳಿಗೆ ಮೂರ್ನಾಲ್ಕು ಜನರ ಸರದಿ ಬೇಕು. ಪಾಳಿಯಲ್ಲಿದ್ದವರ ಕೈಗೆ ಹೋಗುವ ಒಂದು ಹಾಸ್ಟೆಲ್ ಫೋನ್ ಬೇಕು, ನಿಮ್ಮ ಸ್ವಂತ ನಂಬರ್ ಅಲ್ಲ. ಮಕ್ಕಳನ್ನು ಕಳಿಸಲು ಗೊತ್ತಿರುವ ಕೌನ್ಸೆಲರ್ ಬೇಕು. "ಅದೆಲ್ಲ ಎಲ್ಲಿಂದ ತರೋದು" ಅಂದರೆ ಸುಪ್ರೀಂ ಕೋರ್ಟಿನ 2025ರ ಜುಲೈ ತೀರ್ಪು ತೋರಿಸಿ. 100 ಅಥವಾ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಕೌನ್ಸೆಲರ್ ಒಬ್ಬರನ್ನಾದರೂ ಇಟ್ಟುಕೊಳ್ಳಬೇಕು, ಅದಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು ಅಂತ ಅದರಲ್ಲಿದೆ. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು ಅಂತಲೂ ಇದೆ, ಪಾಠ ಮಾಡುವವರಿಗೆ ಮಾತ್ರ ಅಲ್ಲ, ಉಳಿದ ಸಿಬ್ಬಂದಿಗೂ.

ಆ "ಉಳಿದ ಸಿಬ್ಬಂದಿ" ಅನ್ನುವಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಹಾಸ್ಟೆಲ್‌ನಲ್ಲಿ ಬಾತ್‌ರೂಮ್ ತೊಳೆಯುವ ಅಕ್ಕ ಇದ್ದರು. ಯಾವ ಹುಡುಗಿ ಬೆಳಿಗ್ಗೆ ಅಲ್ಲಿ ಅಳುತ್ತಾಳೆ, ಯಾರು ಮೂರು ದಿನದಿಂದ ತಟ್ಟೆ ಮುಟ್ಟಿಲ್ಲ, ಎಲ್ಲ ನನಗಿಂತ ಮೊದಲು ಅವರಿಗೆ ಗೊತ್ತು. ಒಂದು ಸಲ ಆಸ್ಪತ್ರೆಗೆ ಓಡಬೇಕಾಗಿ ಬಂದ ರಾತ್ರಿ ಹುಡುಗಿಯನ್ನು ಮೊದಲು ನೋಡಿದ್ದೂ ಅವರೇ. ಮರುದಿನ ಸಭೆ ಆಯಿತು, ನಮ್ಮನ್ನೆಲ್ಲ ಕೂರಿಸಿ ಮಾತಾಡಿಸಿದರು. ಅವರನ್ನು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಎಂದಿನ ಹಾಗೆ ಬಕೆಟ್ ಹಿಡಿದು ಅದೇ ಮಹಡಿಗೆ ಹೋದರು. ನೀವು ಸರದಿ ಪಟ್ಟಿ ಬರೆಯುವಾಗ, ತರಬೇತಿಗೆ ಹೆಸರು ಕೊಡುವಾಗ, ಅಡುಗೆಯವರು, ವಾಚ್‌ಮನ್, ಆಯಾ ಎಲ್ಲರ ಹೆಸರೂ ಬರೆಯಿರಿ.