ಸೋಲಾರ್ ಸ್ಟ್ಯಾಂಡ್ ಬಿಗಿಯಾಗಿರಬೇಕು, ಸೂರೂ ಸೋರಬಾರದು

ಸೂರಿಗೆ ಮೊದಲ ತೂತು ಹಾಕುವ ಮುಂಚೆ ನಾನು ಮೇಲಿನಿಂದ ಒಂದು ಬಕೆಟ್ ನೀರು ಸುರಿಯುತ್ತೇನೆ. ಯಾವ ಕಡೆ ಜೋರಾಗಿ ಹರಿಯಿತು, ಎಲ್ಲಿ ತಡೆದು ನಿಂತಿತು ಅಂತ ಸುಮ್ನೆ ಕೂತು ನೋಡುತ್ತೇನೆ. ಆಮೇಲೇ ಸೀಮೆಸುಣ್ಣದ ಗುರುತು. ಬರೀ ಸೀಲಂಟ್ (ಸಂದು ಮುಚ್ಚುವ ಅಂಟು) ನಂಬಿಕೊಂಡು ಕೂತರೆ ಬಿಸಿಲಿಗೆ ಅದು ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ. ನೀರು ಹರಿಯದ ಜಾಗದಲ್ಲಿ ತೂತು ಬಿದ್ದರೆ ಸೀಲಂಟ್‌ಗೆ ಕೆಲಸವೇ ಕಮ್ಮಿ.

ಪ್ಯಾನೆಲ್ ಭಾರವನ್ನು ಸೂರು ತಡೆಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಆದರೆ ಗಾಳಿಯನ್ನು ಮರೆಯಬೇಡಿ. ಅದು ಪ್ಯಾನೆಲ್ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ, ಸೂರಿನ ಅಂಚಿನಲ್ಲಿ, ಮೂಲೆಯಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಸ್ಕ್ರೂ ಬರೀ ತಗಡನ್ನು ಕಚ್ಚಿದರೆ ಸಾಲದು, ಕೆಳಗಿನ ಪರ್ಲಿನ್‌ಗೆ, ಅಂದರೆ ತಗಡನ್ನು ಹೊರುವ ಅಡ್ಡಪಟ್ಟಿಗೆ, ಇಳಿಯಬೇಕು. ಹಳೆಯ ಸ್ಕ್ರೂಗಳ ಸಾಲು ನೋಡಿದರೆ ಪರ್ಲಿನ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಉದ್ದಕ್ಕೂ ಒಂದು ದಾರ ಎಳೆದುಕೊಳ್ಳಿ.

ತಗಡಿನ ಶೀಟಿನಲ್ಲಿ ತೂತು ಯಾವತ್ತೂ ಉಬ್ಬಿನ ಮೇಲೆ, ತಗ್ಗಿನಲ್ಲಿ ಬೇಡ. ನೀರು ಹೋಗುವುದೇ ತಗ್ಗಿನಲ್ಲಿ, ಅಲ್ವಾ? ಉಬ್ಬಿನ ಮೇಲೆ ಉದ್ದದ ಸ್ಕ್ರೂ ಹಾಕಿ ಜೋರಾಗಿ ಬಿಗಿದರೆ ಮಾತ್ರ ಉಬ್ಬು ಅಪ್ಪಚ್ಚಿಯಾಗಿ ಸಣ್ಣ ಬಟ್ಟಲಿನ ಹಾಗೆ ಕುಳಿ ಬೀಳುತ್ತದೆ. ಆ ಕುಳಿಯಲ್ಲಿ ನಿಂತ ನೀರು ನೇರ ಸ್ಕ್ರೂ ಸುತ್ತ ಇಳಿಯುತ್ತದೆ. ಉಬ್ಬಿನ ಆಕಾರಕ್ಕೇ ಬಾಗಿಸಿದ ಬ್ರಾಕೆಟ್ ಸಿಗುತ್ತದೆ, ಅದನ್ನೇ ಹಾಕಿ. ಸ್ಕ್ರೂ ಜೊತೆ ಬರುವ ಕಪ್ಪು ಇಪಿಡಿಎಂ ರಬ್ಬರಿನ ವಾಷರ್ ಮೇಲೆ ಕಣ್ಣಿಡಿ. ರಬ್ಬರ್ ಲೋಹದ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಉಬ್ಬಿದ ಕೂಡಲೇ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಹಿಸುಕಿ ಹರಿಯುತ್ತದೆ. ಸಡಿಲ ಬಿಟ್ಟರೂ ಸೋರುತ್ತದೆ. ಸ್ಕ್ರೂ ಓರೆಯಾಗಿ ಕೂತರೆ ವಾಷರ್ ಒಂದೇ ಕಡೆ ಒತ್ತುತ್ತದೆ, ಆ ಸ್ಕ್ರೂ ಬಿಚ್ಚಿ ನೆಟ್ಟಗೆ ಹಾಕಿ.

ಹುಳಿ ವಾಸನೆ ಬರುವ ಸಿಲಿಕಾನ್ ತಗಡಿಗೆ ಬೇಡವೇ ಬೇಡ. ಅದರ ಆಮ್ಲ ಸತುವಿನ ಲೇಪವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನು ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ತನ್ನಿ. ಧೂಳು ಒರೆಸಿ, ಬ್ರಾಕೆಟ್ ಅಡಿಗೆ ಹಚ್ಚಿ, ಆಮೇಲೆ ಬಿಗಿಯಿರಿ. ಬಿಗಿದಾದ ಮೇಲೆ ಸುತ್ತಲೂ ಮೆತ್ತಿದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅದೇ ದಿನ ಬ್ರಶ್‌ನಲ್ಲಿ ಗುಡಿಸಿಬಿಡಿ. ಒಂದು ಮಳೆ ಬಿದ್ದರೆ ಸಾಕು, ಪುಡಿ ಬಿದ್ದಲ್ಲೆಲ್ಲ ತುಕ್ಕಿನ ಚುಕ್ಕೆ.

ಹೊಸದರಲ್ಲಿ ಒಮ್ಮೆ ನನ್ನ ಡ್ರಿಲ್ ಪರ್ಲಿನ್ ತಪ್ಪಿ ಪಕ್ಕಕ್ಕೆ ಹೋಯಿತು. ಆ ತೂತಿಗೆ ಒಂದು ಚಿಟಿಕೆ ಸಿಲಿಕಾನ್ ಒತ್ತಿ ಮುಂದೆ ಹೋದೆ. ಮಳೆಗಾಲದಲ್ಲಿ ಮನೆಯವರು ಕರೆದು ತೋರಿಸಿದ್ದು ಆ ತೂತಿನಿಂದ ಆರು ಅಡಿ ಆಚೆ ತೊಟ್ಟಿಕ್ಕುತ್ತಿದ್ದ ಜಾಗ. ನೀರು ತೂತಿನಲ್ಲಿ ಇಳಿದು, ಪರ್ಲಿನ್ ಹಿಡಿದು ನಡೆದುಕೊಂಡು ಹೋಗಿತ್ತು. ಹುಡುಕಲು ಅರ್ಧ ದಿನ ಹಿಡಿಯಿತು. ಈಗ ತಪ್ಪಿದ ತೂತಿಗೆ ದಪ್ಪ ಸ್ಕ್ರೂ, ವಾಷರ್, ಅಡಿಯಲ್ಲಿ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕದೆ ಕೆಳಗೆ ಇಳಿಯುವುದಿಲ್ಲ.

ಬಿಸಿಲನ್ನೂ ಲೆಕ್ಕ ಹಿಡಿಯಿರಿ. ಪ್ಯಾನೆಲ್ ಕೂರಿಸುವ 6 ಮೀಟರ್ ಅಲ್ಯೂಮಿನಿಯಂ ರೈಲಿನ (ಉದ್ದನೆಯ ಪಟ್ಟಿ) ಬಿಸಿ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ದಿನಾ ಹಿಗ್ಗಿ ಕುಗ್ಗಿ ಸ್ಕ್ರೂಗಳನ್ನು ಆಚೀಚೆ ಎಳೆದು, ದುಂಡು ತೂತನ್ನು ಮೊಟ್ಟೆ ಆಕಾರ ಮಾಡುತ್ತದೆ. ಉದ್ದದ ರೈಲನ್ನು ತುಂಡು ಮಾಡಿ ನಡುವೆ ಸಂದು ಬಿಡಿ.

ಹೆಂಚಿನ ಮನೆಯಲ್ಲಿ ಕೊಕ್ಕೆಯನ್ನು ಹೆಂಚಿನಡಿಯ ತೊಲೆಗೆ ಬಿಗಿಯಬೇಕು. ಕೊಕ್ಕೆ ಹೊರಬರುವ ಕಡೆ ಮೇಲಿನ ಹೆಂಚಿನ ತಳವನ್ನು ಸ್ವಲ್ಪ ಉಜ್ಜಿ ದಾರಿ ಮಾಡಿ. ಹೆಂಚು ಕೊಕ್ಕೆಯ ಮೇಲೆ ಕೂರಬಾರದು, ಕೊಕ್ಕೆಯೂ ಕೆಳಗಿನ ಹೆಂಚನ್ನು ಒತ್ತಬಾರದು. ಗಾಳಿಗೆ ಅಲುಗಿದಾಗ ಒಡೆಯುವುದು ಅಲ್ಲೇ.

ಆರ್‌ಸಿಸಿ ತಾರಸಿ ಆದರೆ ಸಾಧ್ಯವಿದ್ದಷ್ಟೂ ಕೊರೆಯಬೇಡಿ. ಕಾಂಕ್ರೀಟ್ ದಿಮ್ಮಿಯ ಭಾರದ ಮೇಲೇ ಸ್ಟ್ಯಾಂಡ್ ನಿಲ್ಲಿಸಬಹುದು. ಎಷ್ಟು ಭಾರ ಬೇಕು, ಅದನ್ನು ತಾರಸಿ ಹೊರುತ್ತದಾ ಅಂತ ಎಂಜಿನಿಯರ್ ಹೇಳಲಿ. ದಿಮ್ಮಿ ನೀರಿನ ಇಳಿಜಾರಿಗೆ ಅಡ್ಡ ಬರಬಾರದು. ಕೊರೆಯಲೇಬೇಕಾದರೆ ತೂತಿನ ಧೂಳನ್ನು ಊದಿ, ಬ್ರಶ್ ಆಡಿಸಿ, ಮತ್ತೆ ಊದಿ. ಧೂಳು ಉಳಿದರೆ ಕೆಮಿಕಲ್ ಆಂಕರ್ (ಬೋಲ್ಟನ್ನು ತೂತಿನೊಳಗೆ ಹಿಡಿಯುವ ಅಂಟು) ಹಿಡಿಯುವುದಿಲ್ಲ. ಕೊನೆಗೆ ವಾಟರ್‌ಪ್ರೂಫಿಂಗ್ ಪದರವನ್ನು ಸ್ಟ್ಯಾಂಡ್ ಕಾಲಿನ ಬುಡದಿಂದ ಮೇಲಕ್ಕೆ ಹತ್ತಿಸಿ.

ಭುಜಕ್ಕೂ ತೊಡೆಗೂ ಪಟ್ಟಿ ಇರುವ ಪೂರ್ತಿ ಮೈಯ ಸೇಫ್ಟಿ ಬೆಲ್ಟ್, ಹಗ್ಗ ಇಲ್ಲದೆ ಯಾರನ್ನೂ ಮೇಲೆ ಹತ್ತಿಸಬೇಡಿ. ಒದ್ದೆ ಸೂರಿನ ಮೇಲೆ ಅಂತೂ ಬೇಡ.

ಕೆಲಸ ಮುಗಿದು ಸೀಲಂಟ್ ಒಣಗಿದ ಮೇಲೆ ಪೈಪ್‌ನಲ್ಲಿ ನೀರು ಬಿಡಿ. ಕೆಳಗಿನ ಸಾಲಿನಿಂದ ಶುರು ಮಾಡಿ, ನಿಧಾನವಾಗಿ ಮೇಲಕ್ಕೆ. ಒಳಗೊಬ್ಬರು ಟಾರ್ಚ್ ಹಿಡಿದು ಪರ್ಲಿನ್ ಉದ್ದಕ್ಕೂ ನೋಡುತ್ತಿರಲಿ. ಸೋರಿದರೆ ಯಾವ ಸಾಲು ಅಂತ ಆಗಲೇ ತಿಳಿಯುತ್ತದೆ. ಹೊರಡುವ ಮುಂಚೆ ಎಲ್ಲೆಲ್ಲಿ ತೂತು ಬಿದ್ದಿದೆ ಅಂತ ಒಂದು ಹಾಳೆಯಲ್ಲಿ ಗೀಚಿ, ಅಳತೆ ಬರೆದು, ಮನೆಯವರ ಕೈಗೆ ಕೊಟ್ಟು ಬರುತ್ತೇನೆ. ತಪ್ಪಿದ ತೂತುಗಳನ್ನೂ ಅದರಲ್ಲಿ ಬರೆದಿರುತ್ತೇನೆ.