ಮ್ಯೂನಿಕ್ ಭಾಷಣವನ್ನು ತರಗತಿಯಲ್ಲಿ ಓದಿಸುವ ಬಗೆ: ನನ್ನ ಅನುಭವ

ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಬೋಧಿಸುವಾಗ ನಾನು ತಪ್ಪದೆ ಓದಿಸುವ ಪಠ್ಯವೆಂದರೆ, ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಅವರು 2007ರ ಫೆಬ್ರುವರಿ 10ರಂದು ಮ್ಯೂನಿಕ್ ಭದ್ರತಾ ಸಮ್ಮೇಳನದಲ್ಲಿ ಮಾಡಿದ ಭಾಷಣ. ಉಕ್ರೇನ್ ಯುದ್ಧ ಆರಂಭವಾದ ಮೇಲೆ ಇದನ್ನು ಕೆಲವರು ಮುನ್ನೆಚ್ಚರಿಕೆ ಎಂದೂ ಇನ್ನು ಕೆಲವರು ಯುದ್ಧಘೋಷಣೆ ಎಂದೂ ಉಲ್ಲೇಖಿಸುತ್ತಾರೆ. ವಿದ್ಯಾರ್ಥಿಗಳೂ ಈ ಎರಡರಲ್ಲೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತಾರೆ. ಆದ್ದರಿಂದ ಮೊದಲ ತರಗತಿಯಲ್ಲಿ 2007ರ ನಂತರದ ಯಾವ ಘಟನೆಯನ್ನೂ ಎತ್ತಕೂಡದೆಂಬ ಕಟ್ಟಳೆ ಹಾಕಿರುತ್ತೇನೆ.

ಸಭಾಂಗಣದಲ್ಲಿ ಯಾರಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್, ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಸೆನೆಟರ್ ಜಾನ್ ಮೆಕೇನ್, ಉಕ್ರೇನ್ ಅಧ್ಯಕ್ಷ ವಿಕ್ಟರ್ ಯುಶ್ಚೆಂಕೊ. ಬಳಿಕ, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಯಾರನ್ನು ಉದ್ದೇಶಿಸಿದ ಮಾತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸುತ್ತೇನೆ. ಸಮ್ಮೇಳನದ ಸ್ವರೂಪವೇ ಅತಿಯಾದ ಸೌಜನ್ಯದ ಹಂಗಿಲ್ಲದೆ ಮಾತನಾಡಲು ಅವಕಾಶ ಕೊಟ್ಟಿದೆ ಎಂಬ ಆರಂಭದ ಮಾತನ್ನೂ, ಎರಡು ಮೂರು ನಿಮಿಷಕ್ಕೇ ಆಯೋಜಕರು ಕೆಂಪು ದೀಪ ಹೊತ್ತಿಸದಿರಲಿ ಎಂಬ ಚಟಾಕಿಯನ್ನೂ ಹೆಚ್ಚಿನವರು ಗುರುತಿಲ್ಲದೆ ದಾಟಿಹೋಗುತ್ತಾರೆ. ಮುಂದೆ ಬರಲಿರುವ ಏಕಧ್ರುವ ಜಗತ್ತಿನ, ಅಂದರೆ ಒಂದೇ ಶಕ್ತಿಕೇಂದ್ರದ ಹಿಡಿತದಲ್ಲಿರುವ ಜಗತ್ತಿನ, ಕಟುಟೀಕೆಗೆ ಅಲ್ಲಿಯೇ ನೆಲ ಹದಗೊಳಿಸಲಾಗಿದೆ ಎಂಬುದನ್ನು ನಾನೇ ತೋರಿಸಬೇಕಾಗುತ್ತದೆ.

ಹೆಚ್ಚು ಹೊತ್ತು ನಿಲ್ಲುವುದು, ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೊದ ವಿಸ್ತರಣೆಯ ಭಾಗದಲ್ಲಿ. ವಿಸ್ತರಣೆಯನ್ನು ಗಂಭೀರ ಪ್ರಚೋದನೆ ಎಂದು ಕರೆದ ಪುಟಿನ್, ಅದಕ್ಕೆ ಆಧಾರವಾಗಿ ನ್ಯಾಟೊದ ಅಂದಿನ ಮಹಾಕಾರ್ಯದರ್ಶಿ ಮ್ಯಾನ್‌ಫ್ರೆಡ್ ವರ್ನರ್ 1990ರ ಮೇ 17ರಂದು ಬ್ರಸೆಲ್ಸ್‌ನಲ್ಲಿ ಆಡಿದ ಒಂದು ವಾಕ್ಯವನ್ನು ಉದ್ಧರಿಸುತ್ತಾರೆ: ಜರ್ಮನಿಯ ನೆಲದಾಚೆ ಸೇನೆ ನಿಲ್ಲಿಸದಿರಲು ನ್ಯಾಟೊ ಸಿದ್ಧವಿರುವುದೇ ಸೋವಿಯತ್ ಒಕ್ಕೂಟಕ್ಕೆ ಭದ್ರತೆಯ ಖಾತರಿ ಎಂಬುದು ಅದರ ತಾತ್ಪರ್ಯ. ವರ್ನರ್ ಅವರ ಇಡೀ ಭಾಷಣವನ್ನು ಪಕ್ಕದಲ್ಲಿಟ್ಟು ಓದಿಸಿದಾಗ ಚರ್ಚೆಗೆ ಕಾವೇರುತ್ತದೆ. ಆಗ ಜರ್ಮನಿ ಇನ್ನೂ ಒಂದಾಗಿರಲಿಲ್ಲ, ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಸೇನಾ ಕೂಟ ಅಸ್ತಿತ್ವದಲ್ಲಿತ್ತು, ಮುಖ್ಯ ಪ್ರಶ್ನೆ ಪೂರ್ವ ಜರ್ಮನಿಯ ನೆಲದ್ದಾಗಿತ್ತು. 1999ರಲ್ಲಿ ಪೋಲೆಂಡ್, ಹಂಗೇರಿ, ಜೆಕ್ ಗಣರಾಜ್ಯಗಳೂ 2004ರಲ್ಲಿ ಮತ್ತೆ ಏಳು ದೇಶಗಳೂ ನ್ಯಾಟೊ ಸೇರಿದ್ದನ್ನು ಆ ಒಂದು ವಾಕ್ಯದಿಂದ ಪ್ರಶ್ನಿಸಬಹುದೇ? ಕಾನೂನಿನ ಪುರಾವೆಯಾಗಿ ಅದು ದುರ್ಬಲ ಎಂಬುದು ನನ್ನ ಅಭಿಪ್ರಾಯ. ಆದರೆ ರಷ್ಯಾದ ಅಸಮಾಧಾನ ತೋರಿಕೆಯದೆಂದು ಅದರಿಂದ ಸಿದ್ಧವಾಗುವುದಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ತೂಗುವುದಕ್ಕೆ ವಿದ್ಯಾರ್ಥಿಗಳಿಗೆ ಸಾಕಷ್ಟು ಸಮಯ ಬೇಕಾಗುತ್ತದೆ.

ಭಾರತದ ಹೆಸರು ಬಂದಾಗ ತರಗತಿಯ ಕಿವಿ ನೆಟ್ಟಗಾಗುತ್ತದೆ. ಕೊಳ್ಳುವ ಶಕ್ತಿಯ ಸಮಾನತೆಯ ಲೆಕ್ಕದಲ್ಲಿ, ಅಂದರೆ ದೇಶದೇಶಗಳ ಬೆಲೆಗಳ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ, ಭಾರತ ಮತ್ತು ಚೀನಾಗಳ ಒಟ್ಟು ಜಿಡಿಪಿ ಅಮೆರಿಕದ್ದನ್ನು ಆಗಲೇ ಮೀರಿದೆ ಎನ್ನುತ್ತಾರೆ ಪುಟಿನ್. ಭಾರತ ಇಲ್ಲಿ ಸಾಕ್ಷಿಯೇ ಹೊರತು ಕಕ್ಷಿದಾರನಲ್ಲ ಎಂದಷ್ಟೇ ಹೇಳಿ ಮುಂದೆ ಸಾಗುತ್ತೇನೆ.

ಮರುದಿನ ಗೇಟ್ಸ್ ಕೊಟ್ಟ ಉತ್ತರವನ್ನು ಓದಿಸದೆ ಮೊದಲ ತರಗತಿ ಮುಗಿಯುವುದಿಲ್ಲ. ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥರಾಗಿದ್ದ ಅವರು, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯಲ್ಲಿದ್ದ ಪುಟಿನ್‌ಗೆ ಹಾಸ್ಯ ಬೆರೆಸಿಯೇ ಉತ್ತರಿಸಿ, ಒಂದು ಶೀತಲ ಸಮರವೇ ಸಾಕಾಗಿದೆ ಎಂದರು. ವಾಗ್ವಾದ ಬೆಳೆಸದೆ ತಿರುಗೇಟು ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ.

ಎರಡನೆಯ ತರಗತಿಯಲ್ಲಿ ಕಟ್ಟಳೆ ತೆಗೆಯುತ್ತೇನೆ. ವಿಶ್ವಸಂಸ್ಥೆಯ ಒಪ್ಪಿಗೆಯಿದ್ದರೆ ಮಾತ್ರ ಬಲಪ್ರಯೋಗ ಸಮ್ಮತ ಎಂದ ಪುಟಿನ್ ಅವರ ಮಾತಿನ ಎದುರು ರಷ್ಯಾ ತಾನೇ ಬಲ ಪ್ರಯೋಗಿಸಿದ 2008ರ ಜಾರ್ಜಿಯಾ, 2014ರ ಕ್ರಿಮಿಯಾ ಮತ್ತು 2022ರ ಉಕ್ರೇನ್ ಘಟನೆಗಳನ್ನು ವಿದ್ಯಾರ್ಥಿಗಳೇ ಇಡುತ್ತಾರೆ. ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ಸದಸ್ಯರಾಗಲಿವೆ ಎಂದು 2008ರ ಏಪ್ರಿಲ್‌ನಲ್ಲಿ ನ್ಯಾಟೊ ಹೊರಡಿಸಿದ ಬುಕಾರೆಸ್ಟ್ ಘೋಷಣೆಯನ್ನು ಆಮೇಲೆ ಹಂಚಿ, ಮ್ಯೂನಿಕ್ ಭಾಷಣದ ಯಾವ ಪ್ಯಾರಾಕ್ಕೆ ಅದು ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಬರೆದು ತರಲು ಹೇಳುತ್ತೇನೆ.