ಆರಡಿ ನಾಲ್ಕಂಗುಲಕ್ಕೆ ಹಾಸಿಗೆ ಹುಡುಕಿದ್ದು

ಮೊದಲ ಸಲ ಬಿಸಿನೆಸ್ ಕ್ಲಾಸಿನಲ್ಲಿ ಹೋದಾಗ ನಾನು ಒಂದು ಗಂಟೆಯೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಅಷ್ಟು ದುಡ್ಡಿನ ಸೀಟು, ಮಲಗಲು ಹಾಸಿಗೆ, ಹೊದೆಯಲು ದಪ್ಪ ರಗ್ಗು. "ಇನ್ನೇನ್ರೀ ಬೇಕಿತ್ತು ನಿಮಗೆ?" ಅಂದಳು ಹೆಂಡತಿ. ನನಗೆ ಬೇಕಾಗಿದ್ದು ಕಾಲಿಡಲು ಜಾಗ.

ನಾನು ಶಿಡ್ಲಘಟ್ಟದವನು. ಎತ್ತರ ಆರಡಿ ನಾಲ್ಕಂಗುಲ, ಅಂದರೆ 193 ಸೆಂಟಿಮೀಟರ್. ನಮ್ಮ ಹಳೇ ಮನೆಯ ಬಾಗಿಲಿಗೆ ಹತ್ತನೇ ಕ್ಲಾಸಿನಿಂದಲೇ ತಲೆ ಬಗ್ಗಿಸಿದವನು. ಪ್ಯಾಕಿಂಗ್ ಯಂತ್ರಗಳನ್ನು ಫ್ಯಾಕ್ಟರಿಗಳಲ್ಲಿ ಕೂರಿಸಿ ಕೊಡುವ ಕೆಲಸ. ವರ್ಷಕ್ಕೆ ನಾಲ್ಕೈದು ಸಲ ಯುರೋಪು, ಒಮ್ಮೊಮ್ಮೆ ಅಮೆರಿಕ. ಹತ್ತು ವರ್ಷ ಎಕಾನಮಿಯಲ್ಲೇ ಓಡಾಡಿದೆ. ಅಲ್ಲಿ ಒಂದು ಸೀಟಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 30ರಿಂದ 32 ಅಂಗುಲ. ಚಿಂತಾಮಣಿ ಬಸ್ಸಿನಲ್ಲಾದರೆ ಕಾಲನ್ನು ನಡುದಾರಿಗೆ ಚಾಚಿ, ಕಂಡಕ್ಟರ್ ಹತ್ತಿರ ಬೈಸಿಕೊಂಡು ಕೂರಬಹುದು. ವಿಮಾನದಲ್ಲಿ ಊಟದ ತಳ್ಳುಗಾಡಿ ಬಂದು ಮಂಡಿಗೆ ಗುದ್ದುತ್ತದೆ.

ಆಮೇಲೆ ಆಫೀಸಿನಲ್ಲಿ ನಿಯಮ ಬದಲಾಯಿತು. ಎಂಟು ಗಂಟೆ ಮೀರಿದ ಪ್ರಯಾಣಕ್ಕೆ ಬಿಸಿನೆಸ್ ಕ್ಲಾಸ್ ಅಂದರು. ಗೆದ್ದೆ ಅಂದುಕೊಂಡೆ.

ಆ ಮೊದಲ ವಿಮಾನ ಯಾರದು ಅನ್ನೋದು ಬೇಡ. ಸೀಟು ಪೂರ್ತಿ ಚಪ್ಪಟೆಯಾಗಿ ಹಾಸಿಗೆ ಆಗುತ್ತಿತ್ತು. ಉದ್ದ 78 ಅಂಗುಲ ಅಂತ ಬರೆದಿದ್ದರು. 198 ಸೆಂಟಿಮೀಟರ್. ನನಗಿಂತ ಐದು ಸೆಂಟಿಮೀಟರ್ ಜಾಸ್ತಿಯೇ ಅಲ್ವಾ? ಮಲಗಿದ ಮೇಲೆ ಗೊತ್ತಾಯಿತು. ಹಾಸಿಗೆಯ ಕೊನೆಯ ಒಂದೂವರೆ ಅಡಿ ಇರುವುದು ಮುಂದಿನ ಸೀಟಿನವರ ಟೇಬಲ್ ಕೆಳಗಿನ ಗೂಡಿನೊಳಗೆ. ಆ ಗೂಡು ತುದಿಗೆ ಹೋದ ಹಾಗೆ ಕಿರಿದಾಗುತ್ತದೆ. ಅಂಗಾತ ಮಲಗಿದರೆ ಹೆಬ್ಬೆರಳು ಮೇಲಿನ ಹಲಗೆಗೆ ತಾಗುತ್ತದೆ. ಮಗ್ಗುಲಾದರೆ ಮಂಡಿ ಮಡಚಲು ಜಾಗ ಇಲ್ಲ. ನಿದ್ದೆಗಣ್ಣಲ್ಲಿ ಒಂದು ಸಲ ಹೊರಳಿದೆ. ಪಾದ ಅಲ್ಲೇ ಸಿಕ್ಕಿಕೊಂಡು ಮೀನಖಂಡ ಹಿಡಿದುಕೊಂಡಿತು. ಇಳಿದ ದಿನ ಫ್ಯಾಕ್ಟರಿಯಲ್ಲಿ ಕುಂಟುತ್ತಲೇ ಕೆಲಸ ಮಾಡಿದೆ.

ನಮ್ಮದು ರೇಷ್ಮೆ ಮನೆ. ಹುಳ ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡುತ್ತೇವೆ. ಬಿದಿರು ಪಟ್ಟಿಯ ಸುತ್ತುಗಳ ಸಂದಿನಲ್ಲಿ ಅದು ಗೂಡು ಕಟ್ಟುತ್ತದೆ. ಹುಳಕ್ಕೆ ಒಂದು ಅನುಕೂಲ ಇದೆ. ತನ್ನ ಅಳತೆಗೆ ತಾನೇ ಕಟ್ಟಿಕೊಳ್ಳುತ್ತದೆ. ನಾನು ಇನ್ಯಾರದೋ ಅಳತೆಗೆ ಕಟ್ಟಿದ ಗೂಡಿಗೆ ತೂರಬೇಕಾಗಿತ್ತು. ಅವತ್ತಿನಿಂದ ಆ ಜಾಗಕ್ಕೆ ನಾನು ಕಾಲುಗೂಡು ಅಂತಲೇ ಹೇಳುತ್ತೇನೆ. ವಿಮಾನದವರ ಮಾತಿನಲ್ಲಿ ಅದು ಫುಟ್‌ವೆಲ್.

ವಾಪಸ್ ಬಂದವನೇ ದರ್ಜಿ ಟೇಪು ಹಿಡಿದು ನನ್ನನ್ನು ನಾನೇ ಅಳೆದುಕೊಂಡೆ. ನಿಂತರೆ 193. ದಿಂಬು ಇಟ್ಟು ಅಂಗಾತ ಮಲಗಿದರೆ 203! ಮಲಗಿದಾಗ ಪಾದ ಸಡಿಲವಾಗಿ ಮುಂದಕ್ಕೆ ಬಾಗುತ್ತದೆ, ಬೆರಳ ತುದಿ ಕೆಳಗೆ ಹೋಗುತ್ತದೆ. ತಲೆಯ ಮೇಲೂ ಸ್ವಲ್ಪ ದಿಂಬು ಬೇಕು. ಈ ಹತ್ತು ಸೆಂಟಿಮೀಟರ್ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಪಾದ ನೆಟ್ಟಗೆ ಮೇಲಕ್ಕೆ ನಿಲ್ಲಿಸಿದರೆ ಹಿಮ್ಮಡಿಯಿಂದ ಬೆರಳ ತುದಿಗೆ 30 ಸೆಂಟಿಮೀಟರ್. ಅಂದರೆ ಕಾಲುಗೂಡಿನ ಎತ್ತರ ಒಂದಡಿಗಿಂತ ಕಡಿಮೆ ಇದ್ದರೆ ನಾನು ಅಂಗಾತ ಮಲಗುವ ಆಸೆ ಬಿಡಬೇಕು. ಭುಜದ ಅಗಲ 52.

ಆಮೇಲೆ ಮಾಡಿದ್ದು ಸ್ವಲ್ಪ ಹುಚ್ಚಾಟ. ಹೊಸ ಫ್ರಿಡ್ಜ್ ಬಂದ ರಟ್ಟಿನ ಡಬ್ಬ ಮನೆಯಲ್ಲಿತ್ತು. ಅದನ್ನು ಕತ್ತರಿಸಿ ತುದಿ ಕಿರಿದಾಗುವ ಹಾಗೆ ಒಂದು ಕಾಲುಗೂಡು ಮಾಡಿದೆ. ಹಜಾರದಲ್ಲಿ ಸೀಮೆಸುಣ್ಣದಿಂದ ಹಾಸಿಗೆಯ ಗೆರೆ ಎಳೆದು, ಕಾಲು ಡಬ್ಬದೊಳಗಿಟ್ಟು ಮಲಗಿ ನೋಡಿದೆ. ಅಗಲ ಬದಲಾಯಿಸಿದೆ, ಎತ್ತರ ಬದಲಾಯಿಸಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಲೋ, ಇಷ್ಟು ದುಡ್ಡು ಕೊಟ್ಟು ಕಾಲನ್ನ ಡಬ್ಬಕ್ಕೆ ತೂರಿಸಬೇಕೇನೋ?"

"ಕಂಪನಿ ಕೊಡುತ್ತಪ್ಪಾ."

"ಯಾರು ಕೊಟ್ಟರೂ ಕಾಲು ನಿಂದೇ ಅಲ್ವೇನೋ."

ಆ ಡಬ್ಬದಿಂದ ಕಲಿತದ್ದು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಉದ್ದ ಎರಡು ಮೂರು ಸೆಂಟಿಮೀಟರ್ ಕಡಿಮೆ ಇದ್ದರೂ ನಾನು ಹೇಗೋ ಮಲಗುತ್ತೇನೆ. ಮಂಡಿ ಸ್ವಲ್ಪ ಮಡಚಿದರೆ ಆಯಿತು. ಆದರೆ ಗೂಡು ಕಿರಿದಾಗಿದ್ದರೆ ಉದ್ದ ಎಷ್ಟಿದ್ದರೂ ನಿದ್ದೆ ಇಲ್ಲ. ಎರಡು ಪಾದ ಅಕ್ಕಪಕ್ಕ ಇಟ್ಟು ಹೊರಳುವಷ್ಟು ಅಗಲ ಬೇಕೇ ಬೇಕು. ಕಂಪನಿಗಳು ಜಾಹೀರಾತಿನಲ್ಲಿ ಹಾಸಿಗೆಯ ಉದ್ದ ಹಾಕುತ್ತವೆ. ಕಾಲುಗೂಡಿನ ಅಳತೆ ಹಾಕುವುದು ಅಪರೂಪ.

ಹಾಗಾದರೆ ಕೂತಲ್ಲೇ ತಿಳಿಯೋದು ಹೇಗೆ? ಸೀಟುಗಳನ್ನು ಜೋಡಿಸಿದ ರೀತಿ ನೋಡಬೇಕು. ಈಗಿನ ಬಹಳಷ್ಟು ದೂರಪ್ರಯಾಣದ ವಿಮಾನಗಳಲ್ಲಿ ಸಾಲಿಗೆ ಒಂದು, ಎರಡು, ಒಂದು ಅಂತ ನಾಲ್ಕು ಸೀಟು. ಎಲ್ಲರಿಗೂ ನಡುದಾರಿ ಸಿಗಲಿ ಅಂತ. ಅದರಲ್ಲಿ ಎರಡು ಜಾತಿ. ಒಂದು, ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ್ದು, ರಿವರ್ಸ್ ಹೆರಿಂಗ್‌ಬೋನ್. ಕಿಟಕಿ ಪಕ್ಕದವರ ಮುಖ ಕಿಟಕಿ ಕಡೆ ತಿರುಗಿರುತ್ತದೆ. ಇನ್ನೊಂದು, ಇಟ್ಟಿಗೆ ಗೋಡೆಯ ಹಾಗೆ ಒಂದು ಸಾಲು ಆಚೆ, ಒಂದು ಸಾಲು ಈಚೆ ಸರಿಸಿದ್ದು, ಸ್ಟ್ಯಾಗರ್ಡ್. ಇದರಲ್ಲಿ ನಮ್ಮ ಕಾಲು ಮುಂದಿನವರ ಟೇಬಲ್ ಕೆಳಗೆ ಹೋಗುತ್ತದೆ. ನನ್ನ ಮೊದಲ ಪ್ರಯಾಣದ ಸೀಟು ಈ ಎರಡನೇ ಜಾತಿಯದು. ನನ್ನ ಕಾಲಿಗೆ ಮೀನಿನ ಮುಳ್ಳೇ ವಾಸಿ. ತುದಿ ಅಲ್ಲೂ ಕಿರಿದೇ, ಆದರೆ ಮಂಡಿಯ ಹತ್ತಿರ ಜಾಗ ಜಾಸ್ತಿ ಸಿಗುತ್ತದೆ.

ವಿಮಾನದ ಹೊಟ್ಟೆಯ ಅಗಲವೂ ಮುಖ್ಯ. ಬೋಯಿಂಗ್ 777ರ ಒಳಗಿನ ಅಗಲ ಸುಮಾರು 5.87 ಮೀಟರ್. ಏರ್‌ಬಸ್ ಎ350 ಸುಮಾರು 5.61, ಬೋಯಿಂಗ್ 787 ಸುಮಾರು 5.49, ಏರ್‌ಬಸ್ ಎ330 ಸುಮಾರು 5.28. ಎಲ್ಲದರಲ್ಲೂ ಸಾಲಿಗೆ ಅದೇ ನಾಲ್ಕು ಸೀಟು ಕೂರಿಸಿದರೆ ಎಲ್ಲೋ ಒಂದು ಕಡೆ ಹಿಂಡಲೇಬೇಕು. ಹಿಂಡುವುದು ಹೆಚ್ಚಾಗಿ ಭುಜ ಮತ್ತು ಪಾದದ ಹತ್ತಿರ. ಒಂದೇ ಬೆಲೆಗೆ 777 ಮತ್ತು ಎ330 ಎರಡೂ ಇದ್ದರೆ ನಾನು ಕಣ್ಣು ಮುಚ್ಚಿ 777 ಹಿಡಿಯುತ್ತೇನೆ. ಆದರೆ ಹಳೆಯ ಎರಡು, ಮೂರು, ಎರಡರ ಜೋಡಣೆ ಇದ್ದರೆ ಮಾತ್ರ ಇನ್ನೊಂದು ಸಲ ಯೋಚಿಸುತ್ತೇನೆ.

ಹಳೆಯದರ ಬಗ್ಗೆ ಒಂದು ಮಾತು. ಎಲ್ಲರೂ ಬಾಗಿಲಿರುವ ಹೊಸ ಸೀಟಿಗೆ ಬಾಯಿ ಬಿಡುತ್ತಾರೆ. ಕತಾರ್ ಏರ್‌ವೇಸ್‌ನವರ ಬಾಗಿಲಿರುವ ಸೀಟು ಕ್ಯೂಸೂಟ್ 2017ರಲ್ಲಿ ಬಂದಾಗಿನಿಂದ ಬಾಗಿಲು ಒಂದು ಫ್ಯಾಶನ್ ಆಗಿದೆ. ಬಾಗಿಲಿನಿಂದ ನನ್ನ ಕಾಲಿಗೆ ಏನೂ ಸಿಗಲ್ಲ. ಬಾಗಿಲು, ಗೋಡೆ ಎಲ್ಲ ಸೇರಿ ಮೊಣಕೈ ಜಾಗವನ್ನೇ ತಿನ್ನಬಹುದು. ಹಳೆಯ ಜೋಡಿ ಸೀಟುಗಳಲ್ಲಿ ಎಷ್ಟೋ ಸಲ ಪಾದದ ಹತ್ತಿರ ತೆರೆದ ಜಾಗ ಇರುತ್ತದೆ. ಪಕ್ಕದವರನ್ನು ದಾಟಿ ಶೌಚಾಲಯಕ್ಕೆ ಹೋಗಬೇಕು, ನಿಜ. ನನ್ನಂಥವನಿಗೆ ದಾಟುವುದು ಏನು ಕಷ್ಟ? ಆದರೆ ಅದರಲ್ಲೂ ವಿನ್ಯಾಸ ನೋಡಬೇಕು. ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾದ 2012ರ ವಿನ್ಯಾಸದಲ್ಲಿ ಅಕ್ಕಪಕ್ಕದ ಎರಡು ಹಾಸಿಗೆಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಲಿನ ಕಡೆ ಹತ್ತಿರ ಬರುತ್ತವೆ. ಹೆಂಡತಿ ಜೊತೆಗಿದ್ದರೆ ಪರವಾಗಿಲ್ಲ. ಗೊತ್ತಿಲ್ಲದವರ ಪಾದದ ಪಕ್ಕ ಪಾದ ಇಟ್ಟು ಮಲಗಲು ನನಗೆ ಮುಜುಗರ.

ಸಿಂಗಪುರ್ ಏರ್‌ಲೈನ್ಸ್‌ನ 2013ರ ಸೀಟು ಇನ್ನೊಂದು ತರಹ. ಕೂರಲು ಬಹಳ ಅಗಲ, ಸುಮಾರು 28 ಅಂಗುಲ. ಸೀಟಿನ ಬೆನ್ನನ್ನು ಮುಂದಕ್ಕೆ ಮಗುಚಿದರೆ ಹಾಸಿಗೆ. ಕಾಲುಗೂಡು ಒಂದು ಮೂಲೆಯಲ್ಲಿ ಇರುವುದರಿಂದ ಓರೆಯಾಗಿ ಮಲಗಬೇಕು. ಇದೇ ಸೀಟು ಕ್ಯಾಬಿನ್‌ನ ಮೊದಲ ಸಾಲಿನಲ್ಲಿ ಬೇರೆಯೇ ಆಗಿಬಿಡುತ್ತದೆ. ಅಲ್ಲಿ ಪಾದ ಇಡುವ ಜಾಗ ಸೀಟಿನ ಪೂರ್ತಿ ಅಗಲಕ್ಕೆ ಇರುತ್ತದೆ, ನೆಟ್ಟಗೆ ಮಲಗಬಹುದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಮೊದಲ ಸಾಲು. ಮುಂದೆ ಇನ್ನೊಂದು ಸೀಟು ಇಲ್ಲ, ಬರೀ ಗೋಡೆ. ಹಾಗಾಗಿ ಕಾಲುಗೂಡನ್ನು ಯಾರದೋ ಟೇಬಲ್ ಕೆಳಗೆ ತುರುಕಬೇಕಾಗಿಲ್ಲ. ಒಂದೇ ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನ ಎರಡು ಕೋಣೆಗಳಿದ್ದರೆ ಇಂಥ ಮೊದಲ ಸಾಲು ಎರಡು ಸಿಗುತ್ತದೆ. ಎರಡನೇ ಕೋಣೆಯದು ಎಷ್ಟೋ ಸಲ ಯಾರ ಕಣ್ಣಿಗೂ ಬೀಳದೆ ಖಾಲಿ ಉಳಿದಿರುತ್ತದೆ. ಎಲ್ಲಾ ವಿಮಾನದಲ್ಲೂ ಮೊದಲ ಸಾಲು ಚೆನ್ನಾಗಿರುತ್ತದೆ ಅಂತ ಅಲ್ಲ. ಪಕ್ಕದಲ್ಲೇ ಅಡುಗೆಮನೆ ಇರಬಹುದು, ಶೌಚಾಲಯ ಇರಬಹುದು, ಗೋಡೆಗೆ ಮಗುವಿನ ತೊಟ್ಟಿಲು ಹಾಕಬಹುದು. ರಾತ್ರಿ ಎರಡಕ್ಕೆ ಪಾತ್ರೆ ಸದ್ದು, ಪರದೆ ಸಂದಿನಿಂದ ಬೆಳಕು. ನಾನು ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ. ಸದ್ದಿಗೆ ಮದ್ದು ಇದೆ. ಕಾಲು ಕತ್ತರಿಸಲು ಆಗಲ್ಲವಲ್ಲ.

ಟಿಕೆಟ್ ತೆಗೆಯುವಾಗ ವಿಮಾನ ಕಂಪನಿ ತೋರಿಸುವ ಸೀಟಿನ ನಕ್ಷೆಯನ್ನು ನಾನು ನಂಬುವುದಿಲ್ಲ. ಅದರಲ್ಲಿ ಎಲ್ಲಾ ಸೀಟೂ ಒಂದೇ ಅಳತೆಯ ಚೌಕ. ಏರೋಲೋಪಾ ಅಂತ ಒಂದು ವೆಬ್‌ಸೈಟ್ ಇದೆ. ಅಲ್ಲಿ ವಿಮಾನದ ಒಳಗಿನ ನಕ್ಷೆಯನ್ನು ಅಳತೆಗೆ ಸರಿಯಾಗಿ ಬಿಡಿಸಿರುತ್ತಾರೆ. ಸೀಟು ಎಷ್ಟು ಓರೆ, ಟೇಬಲ್ ಯಾವ ಕಡೆ, ಗೋಡೆ ಎಲ್ಲಿ ಅಂತ ಕಾಣುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ವಿಮಾನದಲ್ಲೂ ಒಳಗಿನ ಸೀಟು ಬೇರೆ ಬೇರೆ ಇರಬಹುದು. ಲುಫ್ತಾನ್ಸಾ ಎ350ರಲ್ಲಿ ಹಳೆಯದೂ ಇದೆ, 2024ರ ಮೇ ತಿಂಗಳಿಂದ ಹಾರಾಡುತ್ತಿರುವ ಹೊಸ ಅಲೆಗ್ರಿಸ್ ಸೀಟೂ ಇದೆ. ಆದ್ದರಿಂದ ವಿಮಾನದ ಹೆಸರು ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಒಳಗಿನ ಸೀಟು ಯಾವುದು ಅಂತ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ವಿಮಾನವೇ ಬದಲಾಗಬಹುದು. ಒಂದು ಸಲ ಹಾಗೇ ಆಯಿತು. ನಾನು ಆರಿಸಿದ್ದ ಮೊದಲ ಸಾಲು ಹೋಗಿ, ಹೇಳದೆ ಕೇಳದೆ ಮಧ್ಯದ ಯಾವುದೋ ಸೀಟಿಗೆ ಹಾಕಿದ್ದರು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರ್ ನೋಡುತ್ತಲೇ "ಬೇರೆ ಇಲ್ಲ ಸರ್" ಅಂದಳು. "ಒಂದು ಸಲ ನನ್ನ ನೋಡಿ ಮೇಡಂ" ಅಂದೆ. ತಲೆ ಎತ್ತಿದಳು, ಇನ್ನೂ ಎತ್ತಿದಳು, ನಕ್ಕಳು. ಐದು ನಿಮಿಷ ಹುಡುಕಿ ಎರಡನೇ ಕೋಣೆಯ ಮೊದಲ ಸಾಲು ಕೊಟ್ಟಳು. ಆಗಿನಿಂದ ಹೊರಡುವ ವಾರದ ಮುಂಚೆ ಒಂದು ಸಲ, ಎರಡು ದಿನ ಮುಂಚೆ ಒಂದು ಸಲ, ಚೆಕ್‌ಇನ್ ತೆರೆದ ಕೂಡಲೇ ಇನ್ನೊಂದು ಸಲ ಸೀಟು ನೋಡುತ್ತೇನೆ.

ಒಳಗೆ ಹೋದ ಮೇಲೆ ಮಾಡುವ ಸಣ್ಣಪುಟ್ಟ ಕೆಲಸಗಳೂ ಇವೆ. ನಡುದಾರಿ ಕಡೆಯ ಕೈಪಟ್ಟಿ ಎಷ್ಟೋ ಸೀಟಿನಲ್ಲಿ ಕೆಳಗೆ ಇಳಿಯುತ್ತದೆ. ಅದನ್ನು ಇಳಿಸಿದರೆ ಭುಜಕ್ಕೆ ಜಾಗ ಸಿಗುತ್ತದೆ. ಮೊದಲ ಪ್ರಯಾಣದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ದಪ್ಪ ದಿಂಬು ಬಿಟ್ಟು ತೆಳ್ಳಗಿನದು ಕೇಳುತ್ತೇನೆ. ಗೂಡು ತೀರಾ ಕಿರಿದಾಗಿದ್ದರೆ ಹಾಸಿಗೆಯನ್ನು ಪೂರ್ತಿ ಚಪ್ಪಟೆ ಮಾಡುವುದಿಲ್ಲ. ಬೆನ್ನಿನ ಭಾಗ ಸ್ವಲ್ಪ ಎತ್ತರಿಸಿ, ಮಂಡಿ ಕೆಳಗೆ ಮಡಚಿದ ರಗ್ಗು ಇಟ್ಟರೆ ಕಾಲು ತಾನಾಗಿ ಗಿಡ್ಡವಾಗುತ್ತದೆ.

ಎರಡು ಗಂಟೆಗೊಮ್ಮೆ ಎದ್ದು ಓಡಾಡುತ್ತೇನೆ. ಇದು ಬರೀ ಚಟ ಅಲ್ಲ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೂರಪ್ರಯಾಣ ಮಾಡುವವರ ಪೈಕಿ 190 ಸೆಂಟಿಮೀಟರ್ ಮೀರಿದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು ಅಂತ ಕಂಡುಬಂತು. ಬಿಸಿನೆಸ್ ಕ್ಲಾಸಿನಲ್ಲಿ ಮಲಗಿದ್ದೀವಿ ಅಂತ ಸುಮ್ನೆ ಬಿದ್ದುಕೊಂಡಿರಬಾರದು.

ನಮ್ಮ ಕಡೆಯವರಿಗೆ ಒಂದು ಅದೃಷ್ಟ ಇದೆ. ವಿಜಯಪುರ (ಬಿಜಾಪುರ ಅಲ್ಲ, ನಮ್ಮ ಪಕ್ಕದ ಊರು) ದಾಟಿ ದೇವನಹಳ್ಳಿಗೆ ಬಂದರೆ ಏರ್‌ಪೋರ್ಟ್. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದಲೇ. ಎಮಿರೇಟ್ಸ್‌ನವರು 2022ರ ಅಕ್ಟೋಬರ್‌ನಲ್ಲಿ ಎ380 ತಂದರು. ಅದರ ಮೇಲಿನ ಮಹಡಿಯ ಬಿಸಿನೆಸ್ ಕ್ಲಾಸಿನಲ್ಲಿ ಹಾಸಿಗೆ ಸುಮಾರು ಎರಡು ಮೀಟರ್, ಆದರೆ ಜೋಡಣೆ ಇಟ್ಟಿಗೆ ಗೋಡೆಯದೇ. ಲುಫ್ತಾನ್ಸಾದವರ ಮ್ಯೂನಿಕ್ ನೇರ ವಿಮಾನ ಶುರುವಾಗಿದ್ದು 2023ರ ನವೆಂಬರ್‌ನಲ್ಲಿ.

ಈ ಮ್ಯೂನಿಕ್ ವಿಷಯಕ್ಕೇ ಮೊನ್ನೆ ಮನೆಯಲ್ಲಿ ಚರ್ಚೆ ಆಯಿತು. ಅಲೆಗ್ರಿಸ್‌ನಲ್ಲಿ ಎತ್ತರದವರಿಗೆ ಅಂತಲೇ ಉದ್ದ ಹಾಸಿಗೆಯ ಸೀಟು ಇದೆ, 2.20 ಮೀಟರ್. ನನ್ನ 203ಕ್ಕೆ ಹದಿನೇಳು ಸೆಂಟಿಮೀಟರ್ ಜಾಸ್ತಿ. ಆದರೆ ಅದನ್ನು ಆರಿಸಲು ಟಿಕೆಟ್ ಮೇಲೆ ಬೇರೆ ದುಡ್ಡು. ಆಫೀಸಿನವರು ಅದಕ್ಕೆ ಬಿಲ್ ಪಾಸ್ ಮಾಡಲ್ಲ ಅಂದರು. ನನ್ನ ಕೈಯಿಂದ ಎರಡು ಕಡೆಗೂ ಹಾಕೋದಾ ಬೇಡವಾ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಅಪ್ಪ ಕೇಳಿದರು, "ಹೋಗೋದು ಎಷ್ಟೊತ್ತಿಗೆ?"

"ರಾತ್ರಿ ಎರಡು, ಮೂರು ಗಂಟೆಗಪ್ಪಾ."

"ಬರೋದು?"

"ಅಲ್ಲಿ ಮಧ್ಯಾಹ್ನ ಹೊರಟು ಇಲ್ಲಿ ಮಧ್ಯರಾತ್ರಿ ಹೊತ್ತಿಗೆ."

"ಹೋಗೋಕೆ ಕೊಡು. ಬರೋವಾಗ ಹಗಲು, ಕೂತ್ಕೊಂಡು ಬಾ. ಮನೆಗೆ ಬಂದು ಮಲಗ್ತೀಯಲ್ಲ."

ಹೋಗುವುದಕ್ಕೆ ಮಾತ್ರ ದುಡ್ಡು ಕಟ್ಟಿದ್ದೇನೆ. ಹೊರಡುವುದು ಇನ್ನು ಒಂಬತ್ತು ದಿನಕ್ಕೆ. ಇವತ್ತು ಬೆಳಿಗ್ಗೆ ನೋಡಿದಾಗ ಸೀಟು ಇನ್ನೂ ಅಲ್ಲೇ ಇತ್ತು.